12 ಬೋರಿನ ಬಂದೂಕು: ನೀವು ಯಾವ ಕಂಪನಿಯದ್ದು ಇಷ್ಟಪಡುತ್ತೀರಿ, ಯಾಕೆ?

ತೊಗರಿ ಹೊಲ (ಚಿತ್ತಾಪುರ)

ಎಲ್ಲರಿಗೂ ನಮಸ್ಕಾರ್ರೀ. ಬೆಳೆ ರಕ್ಷಣೆಗೆ ಅಂತ 12 ಬೋರಿನ ಬಂದೂಕಿನ (ಛರ್ರಾ, ಅಂದರೆ ಸಣ್ಣ ಸೀಸದ ಗುಂಡು ಹಾರಿಸುವುದು) ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ. ಪೊಲೀಸ್ ವರದಿ ಆಗಿದೆ, ಫೈಲು ಡಿಸಿ ಆಫೀಸಿನಲ್ಲಿದೆ. ಲೈಸೆನ್ಸ್ ಇನ್ನೂ ಕೈಗೆ ಬಂದಿಲ್ಲ, ಮನೆಯಲ್ಲಿ ಜಗಳ ಮಾತ್ರ ಆಗಲೇ ಶುರುವಾಗಿದೆ.

ನಮ್ಮ ದೊಡ್ಡಪ್ಪನ ಹೆಸರಲ್ಲಿ ಹಳೆಯ ವೆಬ್ಲಿ ಅಂಡ್ ಸ್ಕಾಟ್ ಡಬಲ್ ಬ್ಯಾರಲ್ (ಜೋಡುನಳಿಕೆ) ಇದೆ. ಬರ್ಮಿಂಗ್‌ಹ್ಯಾಮ್ ಅಂತ ಕೆತ್ತಿದ್ದಾರೆ. ದೊಡ್ಡಪ್ಪನಿಗೆ ಅದನ್ನು ಬಿಟ್ಟರೆ ಉಳಿದದ್ದೆಲ್ಲ ಕಬ್ಬಿಣದ ಕೊಳವೆ. ಅಪ್ಪ ಸರ್ಕಾರಿ ಕಾರ್ಖಾನೆಯ ಹೊಸದನ್ನೇ ತಗೋ ಅನ್ನುತ್ತಾರೆ. ಗೆಳೆಯನೊಬ್ಬ ಬಿಹಾರದ ಮುಂಗೇರಿನ ಒಂಟಿನಳಿಕೆ ಸಾಕು, ದುಡ್ಡು ಉಳಿಯುತ್ತದೆ ಅನ್ನುತ್ತಾನೆ. ಇನ್ನೊಬ್ಬ 12 ಬೋರೇ ಬೇಡ, .315 ರೈಫಲ್ ಕೇಳು ಅನ್ನುತ್ತಾನೆ.

ನನಗೆ ಬಂದೂಕಿನ ಬಗ್ಗೆ ಜಾಸ್ತಿ ಗೊತ್ತಿಲ್ಲ. ನಿಮಗೆ ಯಾವ ಹೆಸರು ಇಷ್ಟ, ಅದಕ್ಕೆ ಕಾರಣ ಏನು, ಅಷ್ಟು ಹೇಳಿದರೆ ಸಾಕು. ಸುಮ್ನೆ "ಇದೇ ಬೆಸ್ಟ್" ಅನ್ನುವವರು ನಮ್ಮ ಮನೆಯಲ್ಲೇ ಬೇಕಾದಷ್ಟು ಇದ್ದಾರೆ.

ಮಾಜಿ ಹವಾಲ್ದಾರ (ಬೀದರ್)

ನೋಡು ತಮ್ಮಾ, ನಮ್ಮ ದೇಶದಲ್ಲಿ ಬಂದೂಕಿನ ಬ್ರ್ಯಾಂಡ್ ಬಗ್ಗೆ ವಾದ ಮಾಡುವುದೇ ಅರ್ಧ ತಮಾಷೆ. 1980ರ ದಶಕದಿಂದ ಅಂಗಡಿಯವರು ವಿದೇಶಿ ಬಂದೂಕು ತರಿಸಿ ಮಾರುವಂತಿಲ್ಲ. ಹೆಸರು ಮಾಡಿದ ಕ್ರೀಡಾ ಶೂಟರ್‌ಗಳಿಗೆ ಮಾತ್ರ ಆಮದಿನ ದಾರಿ ಇದೆ. ಊರಲ್ಲಿ ಕಾಣುವ ಇಂಗ್ಲಿಷ್, ಬೆಲ್ಜಿಯಂ ಬಂದೂಕುಗಳು ಹೆಚ್ಚಾಗಿ ಅದಕ್ಕಿಂತ ಮೊದಲೇ ಬಂದವು. ಇಷ್ಟು ವರ್ಷ ಕೈಯಿಂದ ಕೈಗೆ ದಾಟುತ್ತಿವೆ. ಅವುಗಳ ಬೆಲೆಯಲ್ಲಿ ಅರ್ಧ ಗುಣಕ್ಕೆ, ಇನ್ನರ್ಧ ಸಿಗದಿರುವುದಕ್ಕೆ.

ಫೌಜು ಬಿಟ್ಟ ಮೇಲೆ ನಾನು ಬ್ಯಾಂಕಿನಲ್ಲಿ ಗಾರ್ಡ್. ಲೈಸೆನ್ಸ್ ನನ್ನ ಹೆಸರಲ್ಲೇ ಇದೆ, ಬಂದೂಕೂ ನನ್ನದೇ. ಸರ್ಕಾರಿ ಕಾರ್ಖಾನೆಯ ಡಬಲ್ ಬ್ಯಾರಲ್. ನನ್ನ ಆಯ್ಕೆ ಅದೇ. ಚೆಂದ ಇದೆ ಅಂತ ಅಲ್ಲ. ಸ್ಪ್ರಿಂಗ್ ಹೋದರೆ ಸ್ಪ್ರಿಂಗ್ ಸಿಗುತ್ತದೆ, ಪಿನ್ ಮುರಿದರೆ ಪಿನ್ ಸಿಗುತ್ತದೆ. ಗನ್ ರಿಪೇರಿ ಮಾಡುವವನಿಗೂ ಅದರ ಒಳಗು ಗೊತ್ತಿರುತ್ತದೆ. ಕಾರ್ತೂಸಿನ ಕಥೆಯೂ ಅಷ್ಟೇ. ಅಂಗಡಿಯಲ್ಲಿ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಪುಣೆಯ ಖಡಕಿ ಕಾರ್ಖಾನೆಯ ಶಕ್ತಿಮಾನ್. ಬಂದೂಕು ಲಂಡನ್ನಿನದಿರಲಿ ಮುಂಗೇರಿನದಿರಲಿ, ಒಳಗೆ ಹೋಗುವುದು ಅದೇ.

2021ರ ಅಕ್ಟೋಬರ್ 1ರಿಂದ ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡ್ (ಸರ್ಕಾರಿ ಶಸ್ತ್ರ ಕಾರ್ಖಾನೆಗಳ ಮಂಡಳಿ) ಇಲ್ಲ. ಅದನ್ನು ಏಳು ಕಂಪನಿ ಮಾಡಿದರು. ಬಂದೂಕು ಮಾಡುವುದು ಕಾನ್ಪುರದ ಎಡಬ್ಲ್ಯುಇಐಎಲ್ ಅನ್ನುವ ಕಂಪನಿಯ ಕೆಳಗೆ ಬಂತು, ಮದ್ದುಗುಂಡು ಮ್ಯುನಿಷನ್ಸ್ ಇಂಡಿಯಾ ಕೆಳಗೆ. ಜನ ಈಗಲೂ ಹಳೆಯ ಹೆಸರು ಐಒಎಫ್ (ಇಂಡಿಯನ್ ಆರ್ಡ್‌ನೆನ್ಸ್ ಫ್ಯಾಕ್ಟರಿ) ಅಂತಲೇ ಕೇಳುತ್ತಾರೆ.

.315 ಅಂದವನ ಮಾತು ಕೇಳಬೇಡ. ಅದು ಇಛಾಪುರದ ರೈಫಲ್, ಒಳ್ಳೆಯದೇ. ಆದರೆ ಅದರ ಗುಂಡು ಕಿಲೋಮೀಟರ್ ದಾಟಿ ಹೋಗುತ್ತದೆ. ನಿಮ್ಮ ಕಡೆ ನೆಲ ಅಂಗೈಯಷ್ಟು ಸಪಾಟು. ಗುಡ್ಡ ಇಲ್ಲ, ಮರೆ ಇಲ್ಲ. ತೊಗರಿ ಸಾಲಿನ ಆಚೆ ಯಾರು ಕಳೆ ತೆಗೆಯುತ್ತಿದ್ದಾರೋ ಕಾಣಲ್ಲ. ಹೊಲಕ್ಕೆ ಛರ್ರಾ ಬಂದೂಕೇ ಸರಿ.

ಹಳೇ ನಳಿಕೆ (ಕಲಬುರಗಿ)

ಹವಾಲ್ದಾರ್ ಸಾಹೇಬರ ಮಾತಿಗೆ ಅರ್ಧ ಒಪ್ಪಿಗೆ. ಆದರೆ ಕೈಯಲ್ಲಿ ಹಳೆಯ ಇಂಗ್ಲಿಷ್ ಗ್ರೀನರ್ ಹಿಡಿದವನಿಗೆ ಸ್ಪ್ರಿಂಗಿನ ಲೆಕ್ಕ ಹೇಳಬೇಡಿ ಸರ್.

ನಮ್ಮದು ನಿಜಾಮರ ಸೀಮೆ. ಜಾಗೀರದಾರರು, ದೇಶಮುಖರು ಹೈದರಾಬಾದಿನಿಂದ ಇಂಗ್ಲಿಷ್ ಬಂದೂಕು ತರಿಸಿಕೊಂಡ ಕಾಲ ಇತ್ತು. 1948ರ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಎಷ್ಟೋ ಮನೆಗಳ ಬಂದೂಕು ಒಪ್ಪಿಸಲಾಯಿತು. ಉಳಿದವು ಲೈಸೆನ್ಸ್ ಪುಸ್ತಕದಲ್ಲಿ ಬರೆಸಿಕೊಂಡು ಇವತ್ತಿಗೂ ಗೋಡೆ ಮೇಲೆ ಇವೆ. ದಸರೆಗೆ ಕುಂಕುಮ ಹಚ್ಚುತ್ತಾರೆ, ಆಮೇಲೆ ವರ್ಷವಿಡೀ ಮುಟ್ಟುವುದಿಲ್ಲ.

ನನಗೆ ವೆಬ್ಲಿ ಅಂಡ್ ಸ್ಕಾಟ್, ಡಬ್ಲ್ಯು. ಡಬ್ಲ್ಯು. ಗ್ರೀನರ್, ಬಿಎಸ್‌ಎ, ಮೂರೂ ಇಷ್ಟ. ಮೂರೂ ಬರ್ಮಿಂಗ್‌ಹ್ಯಾಮಿನವೇ. ಲಂಡನ್ನಿನ ದುಬಾರಿ ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ಅಂತ ಮಾತಾಡುವವರು ಬಹಳ ಜನ, ಹಿಡಿದವರು ಕಡಿಮೆ. ವೆಬ್ಲಿಯ ಬಾಕ್ಸ್‌ಲಾಕ್ ಬಂದೂಕು ತೆರೆದು ಮುಚ್ಚಿ ನೋಡಿ. ಆ "ಟಕ್" ಸದ್ದಿನಲ್ಲೇ ಕೆಲಸ ಗೊತ್ತಾಗುತ್ತದೆ. ಮುಚ್ಚಿದ ಮೇಲೆ ನಳಿಕೆ ಮತ್ತು ಹಿಂದಿನ ಲೋಹದ ಚೌಕಟ್ಟಿನ ಮಧ್ಯೆ ಕಾಗದ ತೂರಲ್ಲ.

ತಮ್ಮಾ, ದೊಡ್ಡಪ್ಪನದ್ದು ತಗೊಳ್ಳುವುದೇ ಆದರೆ ಹೆಸರು ನೋಡುವ ಮೊದಲು ನಳಿಕೆಯ ಅಡಿ ನೋಡು. ನಳಿಕೆಯ ಕೆಳಗಿನ ಮರದ ಮುಂಗೈ ಬಿಚ್ಚಿದರೆ ಪ್ರೂಫ್ ಗುರುತುಗಳು (ನಳಿಕೆ ಒತ್ತಡ ತಡೆಯುತ್ತದೆ ಅಂತ ಪರೀಕ್ಷೆ ಮಾಡಿ ಒತ್ತಿದ ಮುದ್ರೆಗಳು) ಕಾಣುತ್ತವೆ. ನೈಟ್ರೋ ಪ್ರೂಫ್ (ಈಗಿನ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದದ್ದು) ಅಂತ ಇದೆಯಾ? ನಳಿಕೆಯ ಮೇಲೆ ಹಾವಿನ ಚರ್ಮದ ಹಾಗೆ ಗೆರೆ ಇದ್ದರೆ ಅದು ಡಮಾಸ್ಕಸ್, ಅಂದರೆ ಲೋಹದ ಪಟ್ಟಿ ಸುತ್ತಿ ಬೆಸೆದ ಹಳೆಯ ನಳಿಕೆ. ಅದರಲ್ಲಿ ಹೆಚ್ಚಿನವು ಕರಿಮದ್ದಿನ ಕಾಲದವು. ಈಗಿನ ಕಾರ್ತೂಸು ಅದರಲ್ಲಿ ಹೊಡೆಯಬಾರದು.

ಇನ್ನೊಂದು, ಚೇಂಬರಿನ (ನಳಿಕೆಯಲ್ಲಿ ಕಾರ್ತೂಸು ಕೂರುವ ಜಾಗದ) ಉದ್ದ. ಹಳೆಯ ಇಂಗ್ಲಿಷ್ ಬಂದೂಕುಗಳು ಬಹಳಷ್ಟು ಎರಡೂವರೆ ಇಂಚಿನವು, ಅಂದರೆ 65 ಮಿ.ಮೀ. ಈಗ 70 ಮಿ.ಮೀ. ಕಾರ್ತೂಸುಗಳೂ ಇವೆ. ಮಜಾ ಏನು ಅಂದರೆ, ಉದ್ದ ಕಾರ್ತೂಸು ಗಿಡ್ಡ ಚೇಂಬರಿನಲ್ಲೂ ಸಲೀಸಾಗಿ ಕೂರುತ್ತದೆ. ಮಡಿಚಿದ ಬಾಯಿ ಬಿಚ್ಚಿಕೊಳ್ಳುವುದು ಹೊಡೆದ ಮೇಲೆ. ಆಗ ಅದಕ್ಕೆ ಜಾಗ ಸಾಲದೆ ಒತ್ತಡ ಏರುತ್ತದೆ. ಕೂತಿತು ಅಂದರೆ ಸರಿ ಇದೆ ಅಂತ ಅಲ್ಲ. ಇದನ್ನು ಅಳೆಯಲು ಗೇಜ್ ಬೇಕು, ಕಣ್ಣಂದಾಜು ನಡೆಯಲ್ಲ.

ಸುರಪುರದ ಹುಡುಗ

ನಮ್ಮ ಕಡೆ ಬ್ರ್ಯಾಂಡ್ ಕೇಳುವವರಿಲ್ಲ, ಗುರಿ ಕೇಳುತ್ತಾರೆ. 1858ರಲ್ಲಿ ಬ್ರಿಟಿಷರ ವಿರುದ್ಧ ನಮ್ಮ ರಾಜಾ ವೆಂಕಟಪ್ಪ ನಾಯಕರ ಬೇಡರ ಪಡೆ ಯಾವ ಕಂಪನಿಯ ಬಂದೂಕು ಹಿಡಿದಿತ್ತು ಅಂತ ಯಾರಾದರೂ ಕೇಳಿದ್ದಾರಾ? 😄

ಹಳೇ ನಳಿಕೆ (ಕಲಬುರಗಿ)

ನಾನು ಕೇಳುತ್ತೇನೆ ತಮ್ಮಾ, ಗೊತ್ತಿದ್ದರೆ ಹೇಳು!

ಹಾಗೆ ನೋಡಿದರೆ ನಮ್ಮ ಕೋಟೆಯ ಬಾರಾ ಗಜಿ ತೋಪಿಗಿಂತ ದೊಡ್ಡ ಹೆಸರು ಇನ್ನೊಂದಿಲ್ಲ. 29 ಅಡಿ. ಅದಕ್ಕೆ ಲೈಸೆನ್ಸ್ ಕೊಡುತ್ತಾರಾ ವಿಚಾರಿಸು.

ಸರಾಫ್ (ಕಲಬುರಗಿ)

ಬಂಗಾರದ ವ್ಯಾಪಾರ ನಮ್ಮದು, ಹಾಗಾಗಿ ನನ್ನದು .32 ರಿವಾಲ್ವರ್. ಕೇಳಿದ್ದು 12 ಬೋರಿನ ಬಗ್ಗೆ, ಆದರೂ ಬ್ರ್ಯಾಂಡ್ ಅಂತ ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ರಿವಾಲ್ವರಿನಲ್ಲಿ ಈಗ ಸ್ವಲ್ಪ ಆಯ್ಕೆ ಬಂದಿದೆ. ಮೊದಲೆಲ್ಲ ಕಾನ್ಪುರದ್ದೇ ಗತಿ. ಅದು ನಡು ಮುರಿದು ತೆರೆಯುವ ಮಾದರಿ. ತೆರೆದರೆ ಆರೂ ಖಾಲಿ ಕಾರ್ತೂಸು ಒಮ್ಮೆಗೇ ಮೇಲೆದ್ದು ಬರುತ್ತವೆ. 2014ರಲ್ಲಿ ನಿರ್ಭೀಕ್ ಬಂತು. ಅರ್ಧ ಕೆಜಿ ತೂಕ, ಹೆಣ್ಣುಮಕ್ಕಳಿಗೆ ಅಂತ ಜಾಹೀರಾತು, ಆಗ ಬೆಲೆ ಒಂದು ಲಕ್ಷ ಇಪ್ಪತ್ತೆರಡು ಸಾವಿರದ ಮೇಲೆ. 2023ರಲ್ಲಿ ಪ್ರಬಲ್ ಬಂತು. ಅದರ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಮಧ್ಯದಲ್ಲಿ ಉತ್ತರ ಪ್ರದೇಶದ ಹರದೋಯಿ ಜಿಲ್ಲೆಯ ಸಂಡೀಲಾದಲ್ಲಿ ವೆಬ್ಲಿ ಅಂಡ್ ಸ್ಕಾಟ್ ಹೆಸರಲ್ಲೇ .32 ರಿವಾಲ್ವರ್ ಮಾಡಲು ಶುರು ಮಾಡಿದರು. ತೊಗರಿ ಹೊಲ ಅವರ ದೊಡ್ಡಪ್ಪನಿಗೆ ಇದನ್ನು ಹೇಳಿ, ಏನನ್ನುತ್ತಾರೆ ನೋಡೋಣ. ಹೆಸರು ಬರ್ಮಿಂಗ್‌ಹ್ಯಾಮಿನದು, ಊರು ಹರದೋಯಿ.

ನನಗೆ ಪಕ್ಕಕ್ಕೆ ತೆರೆಯುವ ಮಾದರಿಯೇ ಇಷ್ಟ. ಚೌಕಟ್ಟು ಒಂದೇ ತುಂಡು, ಸಡಿಲಾಗುವ ಕೀಲು ಇಲ್ಲ. ಹಾಗಂತ ಹಳೆಯದು ಕೆಟ್ಟದ್ದಲ್ಲ. ನಾನು ಮೊದಲು ತಗೊಂಡ ಒಂದು ಹ್ಯಾಂಡ್‌ಗನ್ನಿನ ಟ್ರಿಗರ್ ಎಷ್ಟು ಬಿಗಿ ಇತ್ತು ಅಂದರೆ, ಎಳೆಯುವಷ್ಟರಲ್ಲಿ ಗುರಿ ಪಕ್ಕದ ಮನೆಗೆ ಹೋಗುತ್ತಿತ್ತು. ಯಾರದ್ದು ಅಂತ ಹೆಸರು ಬೇಡ. ಅಂಗಡಿಯಲ್ಲಿ ಖಾಲಿ ಗನ್ನಿನ ಟ್ರಿಗರ್ ಎಳೆದು ನೋಡಲು ಬಿಡದಿದ್ದರೆ ಆ ಅಂಗಡಿಯನ್ನೇ ಬಿಡಿ.

.32 ಅಂದರೆ ಎಲ್ಲವೂ ಒಂದೇ ಅಂದುಕೊಳ್ಳಬೇಡಿ. ರಿವಾಲ್ವರಿಗೆ ಹಾಕುವುದು .32 ಎಸ್ ಅಂಡ್ ಡಬ್ಲ್ಯು ಲಾಂಗ್. ಸರ್ಕಾರಿ ಕಾರ್ಖಾನೆಯ ಅಶನಿ ಪಿಸ್ತೂಲಿಗೆ ಹಾಕುವುದು .32 ಎಸಿಪಿ. ಅದಕ್ಕಿದು ನಡೆಯಲ್ಲ.

ಭೀಮಾ ದಂಡೆ

ಇಷ್ಟೆಲ್ಲ ಯಾಕ್ರೀ? ನಮ್ಮ ಕಡೆ ಎಂಪಿ (ಮಧ್ಯಪ್ರದೇಶ) ಕಡೆಯ ಕಳ್ಳ ಮಾಲು ಇದರ ಕಾಲು ಭಾಗ ರೇಟಿಗೆ ಸಿಗುತ್ತದಂತೆ. ಲೈಸೆನ್ಸ್ ತಂಟೆಯೂ ಇಲ್ಲ.

ನಿರ್ವಾಹಕ

ಈ ವೇದಿಕೆಯಲ್ಲಿ ಕಂಟ್ರಿ ಪಿಸ್ತೂಲಿನ ಮಾತು ಬೇಡ. ಇನ್ನೊಮ್ಮೆ ಬಂದರೆ ಖಾತೆ ಮುಚ್ಚುತ್ತೇವೆ.

ಮಾಜಿ ಹವಾಲ್ದಾರ (ಬೀದರ್)

ಅಳಿಸಬೇಡಿ ಸರ್, ಹುಡುಗರು ಓದಲಿ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡರೆ ಕನಿಷ್ಠ ಎರಡು ವರ್ಷ ಜೈಲು, ಐದು ವರ್ಷದವರೆಗೂ ಹೋಗಬಹುದು. ಮಾಡಿದವನಿಗೆ, ಮಾರಿದವನಿಗೆ ಕನಿಷ್ಠ ಏಳು ವರ್ಷ, ಜೀವಾವಧಿಯೂ ಆಗಬಹುದು. ಕಾನೂನು ಪಕ್ಕಕ್ಕೆ ಇಡು. ಆ ನಳಿಕೆಯನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಒಳಗೆ ಸಿಡಿದರೆ ಹೋಗುವುದು ಹಿಡಿದವನ ಬೆರಳು.

ಅದೇ ತಿದ್ದುಪಡಿಯಲ್ಲಿ ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸುವುದಕ್ಕೂ ಶಿಕ್ಷೆ ಇದೆ. ಎರಡು ವರ್ಷದವರೆಗೆ ಜೈಲು, ಇಲ್ಲ ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ. ಮದುವೆ ಮನೆಗೆ ದೊಡ್ಡಪ್ಪನ ಬಂದೂಕು ತರುವವರಿಗೆ ಹೇಳಿ ಇಡಿ.

ಹತ್ತು ಮೀಟರ್ (ಕಲಬುರಗಿ, ಈಗ ಹೈದರಾಬಾದ್)

ಅಣ್ಣಂದಿರೇ, ನಿಮ್ಮ ಮಾತೆಲ್ಲ ಹಂದಿ, ಕಳ್ಳ, ಮದುವೆ. ಬ್ರ್ಯಾಂಡ್ ಮಾತು ನಿಜವಾಗಿ ನಡೆಯುವುದು ನಮ್ಮ ರೇಂಜಿನಲ್ಲಿ. ನಾನು 10 ಮೀಟರ್ ಏರ್ ಪಿಸ್ತೂಲ್ ಹೊಡೆಯುತ್ತೇನೆ. ಎನ್‌ಸಿಸಿಯಲ್ಲಿ .22 ರೈಫಲ್ ಹಿಡಿದು ಶುರುವಾದದ್ದು ಇಲ್ಲಿಗೆ ಬಂತು.

4.5 ಮಿ.ಮೀ. ಒಳಗಿನ, 20 ಜೂಲ್ ಒಳಗಿನ ಏರ್ ಗನ್ನಿಗೆ ಲೈಸೆನ್ಸ್ ಬೇಡ. 2016ರ ಶಸ್ತ್ರಾಸ್ತ್ರ ನಿಯಮದಲ್ಲೇ ಇದೆ. ಹಾಗಾಗಿ ನಮಗೆ ಆಯ್ಕೆ ನಿಮಗಿಂತ ಜಾಸ್ತಿ. ಪಿಸ್ತೂಲಿನಲ್ಲಿ ಸ್ವಿಟ್ಜರ್ಲೆಂಡಿನ ಮೊರಿನಿ, ಆಸ್ಟ್ರಿಯಾದ ಸ್ಟೈಯರ್, ಇಟಲಿಯ ಪಾರ್ದಿನಿ, ಜರ್ಮನಿಯ ವಾಲ್ಟರ್, ಫೈನ್‌ವೆರ್ಕ್‌ಬಾವ್. ರೈಫಲಿನಲ್ಲಿ ಆನ್‌ಶುಟ್ಸ್ ಕೂಡ. ಕಲಿಯುವವರಿಗೆ ನಮ್ಮ ಪ್ರೆಸಿಹೋಲ್ ಇದೆ. ಅದನ್ನು ಕಡಿಮೆ ಅಂತ ನೋಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೈ ನಡುಗುವವನಿಗೆ ಸ್ಟೈಯರ್ ಕೊಟ್ಟರೂ ಕೈ ನಡುಗುತ್ತದೆ.

ಟೋಕಿಯೊ ಒಲಿಂಪಿಕ್ಸಿನಲ್ಲಿ ನಮ್ಮ ಶೂಟರ್ ಮನು ಭಾಕರ್ ಅವರ ಮೊರಿನಿ ಪಿಸ್ತೂಲು ಅರ್ಹತಾ ಸುತ್ತಿನ ಮಧ್ಯೆ ಕೈಕೊಟ್ಟಿತು. ಆಗ ನಮ್ಮ ಗುಂಪಿನಲ್ಲಿ ಎಲ್ಲರೂ ಮೊರಿನಿ ಬೇಡ ಅಂದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಎರಡು ಕಂಚು ಗೆದ್ದರು. ಆಗ ಅದೇ ಜನ ಅವರು ಯಾವ ಪಿಸ್ತೂಲು ಹಿಡಿದಿದ್ದಾರೆ ಅಂತ ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದರು. ಬ್ರ್ಯಾಂಡ್ ಪ್ರೀತಿ ಇಷ್ಟೇ ಅಲ್ವಾ?

ನನ್ನ ಆಯ್ಕೆ ಸ್ಟೈಯರ್. ಕಾರಣ ಗ್ರಿಪ್, ಅಷ್ಟೇ. ನನ್ನ ಅಂಗೈ ಚಿಕ್ಕದು. ಚಿಕ್ಕ ಸೈಜಿನ ಗ್ರಿಪ್ ನನಗೆ ಮೊದಲು ಸಿಕ್ಕಿದ್ದು ಅದರದ್ದೇ. ಅದನ್ನೂ ಸಾಣೆ ಕಾಗದದಲ್ಲಿ ಉಜ್ಜಿ ಉಜ್ಜಿ ಕೂರಿಸಿಕೊಂಡೆ. ಏರ್ ಪಿಸ್ತೂಲಿನ ಟ್ರಿಗರ್ ಎಳೆಯಲು ಕನಿಷ್ಠ 500 ಗ್ರಾಂ ಭಾರ ಬೇಕು, ಎಲ್ಲ ಕಂಪನಿಗೂ ಅದೇ ನಿಯಮ. ಗುರಿ ಹಾಳೆಯ ನಡುವಿನ ಹತ್ತು ಅಂಕದ ವೃತ್ತ ಹನ್ನೊಂದೂವರೆ ಮಿ.ಮೀ., ಎಲ್ಲರಿಗೂ ಅದೇ. ಉಳಿಯುವುದು ಕೈಯಲ್ಲಿ ಹೇಗೆ ಕೂರುತ್ತದೆ ಅನ್ನುವುದು.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಗಾಳಿ ಸಿಲಿಂಡರಿನ ಮೇಲಿನ ತಾರೀಖು ಓದಿ. ಹತ್ತು ವರ್ಷ ದಾಟಿದ ಸಿಲಿಂಡರ್ ಪಂದ್ಯದಲ್ಲಿ ಒಪ್ಪಲ್ಲ. ಗನ್ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಪಟ್ಟು, ಆಮೇಲೆ ಹೊಸ ಸಿಲಿಂಡರಿನ ಬೆಲೆ ಕೇಳಿ ಸುಮ್ಮನಾದವರು ಬೇಕಾದಷ್ಟು. ಪೆಲೆಟ್ (ಏರ್ ಗನ್ನಿನ ಗುಂಡು) ವಿಷಯಕ್ಕೂ ಹಟ ಬೇಡ. ಆರ್‌ಡಬ್ಲ್ಯುಎಸ್, ಎಚ್ ಅಂಡ್ ಎನ್, ಎರಡೂ ಕಂಪನಿಯ 4.49, 4.50 ಮಿ.ಮೀ. ಅಳತೆಯವೆಲ್ಲ ತಂದು ಹೊಡೆದು ನೋಡಿ. ನಳಿಕೆಗೆ ಯಾವುದು ಹಿಡಿಸುತ್ತದೋ ಅದು.

ನಿರ್ಭೀಕ್ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಒಂದೂಕಾಲು ಲಕ್ಷದ ರಿವಾಲ್ವರನ್ನು "ಹೆಣ್ಣುಮಕ್ಕಳ ರಕ್ಷಣೆಗೆ" ಅಂತ ಮಾರುವುದು ಜಾಹೀರಾತಿಗೆ ಸರಿ. ರಾತ್ರಿ ಸೇಡಂ ಬಸ್ಸಿಗೆ ಕಾಯುವ ಹುಡುಗಿಗೂ ಅದಕ್ಕೂ ಸಂಬಂಧ ಇಲ್ಲ.

ಚಿಂಚೋಳಿ ರೈತ

ತಂಗಿ ಬರೆದದ್ದು ಚೆನ್ನಾಗಿದೆ. ಆದರೆ ನಮ್ಮ ಹುಡುಗರು ಅದೇ ಏರ್ ಗನ್ ತಂದು ನವಿಲಿಗೆ ಹೊಡೆಯಲು ಹೋಗುತ್ತಾರೆ. ನವಿಲು, ಕೃಷ್ಣಮೃಗ ಎರಡೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಔರಾದ್ ಕಡೆ ಚಿಗರೆ ಹಿಂಡು ಬೆಳೆ ತಿಂದರೂ ಕೈ ಎತ್ತುವ ಹಾಗಿಲ್ಲ.

ತೊಗರಿ ಹೊಲ ಅವರೇ, ಒಂದು ಮಾತು. ಬೆಳೆ ರಕ್ಷಣೆಯ ಲೈಸೆನ್ಸ್ ಸಿಕ್ಕಿತು ಅಂದರೆ ಕಾಡುಹಂದಿಗೆ ಹೊಡೆಯಬಹುದು ಅಂತ ಅಲ್ಲ. ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇರೆ ಬೇಕು. ನಮ್ಮ ಹೊಲದ ಪಕ್ಕದಲ್ಲೇ ಅಭಯಾರಣ್ಯ. ಬಂದೂಕು ಮನೆಯಲ್ಲಿದ್ದರೂ ನಾನು ನಂಬಿದ್ದು ಸೋಲಾರ್ ಬೇಲಿ. ಹಂದಿ ಬರುವುದು ರಾತ್ರಿ. ಕತ್ತಲಲ್ಲಿ ಗ್ರೀನರ್ ಆದರೇನು, ಕಾನ್ಪುರ ಆದರೇನು?

ತೊಗರಿ ಹೊಲ (ಚಿತ್ತಾಪುರ)

ಎಲ್ಲರ ಮಾತೂ ಓದಿದೆ. ಅನುಮತಿಯ ವಿಷಯ ಗೊತ್ತಿರಲಿಲ್ಲ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳುತ್ತೇನೆ. ನನಗೆ ಬೇಕಾಗಿರುವುದು ಬೆದರಿಸಿ ಓಡಿಸಲು, ಮತ್ತೆ ಹೊಲದ ಮನೆಯಲ್ಲಿ ಮಲಗುವಾಗ ಧೈರ್ಯಕ್ಕೆ.

ಹತ್ತು ಮೀಟರ್ ಅಕ್ಕ ಗ್ರಿಪ್ ಬಗ್ಗೆ ಬರೆದದ್ದು ಓದಿ ಒಂದು ನೆನಪಾಯಿತು. ನಾನು ಎಡಚ. ದೊಡ್ಡಪ್ಪನ ಬಂದೂಕು ಹೆಗಲಿಗಿಟ್ಟರೆ ಯಾಕೋ ಕೆನ್ನೆಗೆ ಸರಿ ಕೂರಲ್ಲ, ಕಣ್ಣು ಸಾಲಿಗೆ ಬರಲ್ಲ. ನನಗೆ ಹಿಡಿಯಲು ಬರಲ್ಲ ಅಂತ ದೊಡ್ಡಪ್ಪ ಬಯ್ಯುತ್ತಾರೆ.

ಹಳೇ ನಳಿಕೆ (ಕಲಬುರಗಿ)

ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತಲ್ಲ!

ಹಳೆಯ ಇಂಗ್ಲಿಷ್ ಬಂದೂಕಿನ ಹಿಡಿ ನೆಟ್ಟಗೆ ಇರಲ್ಲ. ಬಲಗೈಯವನಿಗೆ ಮಾಡಿದ್ದರೆ ಬಲಕ್ಕೆ ಸ್ವಲ್ಪ ವಾಲಿಸಿರುತ್ತಾರೆ. ಬಲಗಣ್ಣು ನಳಿಕೆಯ ನಡುವಿನ ಪಟ್ಟಿಯ ನೇರಕ್ಕೆ ಬರಲಿ ಅಂತ. ಅದೇ ಹಿಡಿ ಎಡಗೈಯವನ ಮುಖಕ್ಕೆ ಅಡ್ಡ ಬರುತ್ತದೆ. ಹೊಡೆದಾಗ ಕೆನ್ನೆಗೆ ಬಡಿಯುತ್ತದೆ. ಆ ಬಂದೂಕನ್ನು ಇನ್ಯಾರದೋ ಅಳತೆಗೆ ಮಾಡಿದ್ದಾರೆ, ಅಷ್ಟೇ. ನಿನಗೆ ಹಿಡಿಯಲು ಬರುತ್ತದೆ, ದೊಡ್ಡಪ್ಪನಿಗೆ ನನ್ನ ಹೆಸರು ಹೇಳು. ಮೇಲಿನಿಂದ ನೋಡಿದರೆ ವಾಲಿರುವುದು ಕಾಣುತ್ತದೆ.

ಮರಕ್ಕೆ ಬಿಸಿ ಎಣ್ಣೆ ಕುಡಿಸಿ ನಿಧಾನಕ್ಕೆ ಬಾಗಿಸಬಹುದು. ಆ ಕೆಲಸ ಬಲ್ಲವರು ಈಗ ಬಹಳ ಕಡಿಮೆ. ಗೊತ್ತಿಲ್ಲದವರ ಕೈಗೆ ಕೊಟ್ಟರೆ ಹಿಡಿ ಸೀಳಿ ವಾಪಸ್ ಬರುತ್ತದೆ.

ಮಾಜಿ ಹವಾಲ್ದಾರ (ಬೀದರ್)

ಹಾಗಾದರೆ ಹೊಸದನ್ನೇ ತಗೋ. ನಿನ್ನ ಎಡ ಹೆಗಲಿಗೆ ಇಟ್ಟು ನೋಡಿ ತಗೋ. ಕಣ್ಣು ಮುಚ್ಚಿ ಹೆಗಲಿಗೆ ಏರಿಸು, ಆಮೇಲೆ ಕಣ್ಣು ತೆರೆ. ನಳಿಕೆಯ ತುದಿಯ ಗುರಿ ಮಣಿ ನೇರ ಕಂಡರೆ ಅದು ನಿನ್ನದು. ಮುಂಗೇರಿನ ಒಂಟಿನಳಿಕೆ ಹಾಗೆ ಕೂತರೆ ಅದನ್ನೇ ತಗೋ, ನನ್ನ ಅಭ್ಯಂತರ ಇಲ್ಲ. ಪ್ರೂಫ್ ಗುರುತು ಇರಬೇಕು ಅಷ್ಟೇ. ತಿರುಚ್ಚಿ ಕಾರ್ಖಾನೆಯ ಪಂಪ್ ಆಕ್ಷನ್ (ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ಕಾರ್ತೂಸು ಬದಲಿಸುವುದು) ತೋರಿಸಿದರೆ ನೆನಪಿಡು, ಅದರ ಖಾಲಿ ಕಾರ್ತೂಸು ಬಲಕ್ಕೆ ಹಾರುತ್ತದೆ. ಎಡಚನಿಗೆ ಮುಖದ ಮುಂದೆ. ಜೋಡುನಳಿಕೆಯಲ್ಲಿ ಆ ತಂಟೆ ಇಲ್ಲ.

ನಮ್ಮ ಕಡೆ ಮಳೆಗಿಂತ ಧೂಳು ಜಾಸ್ತಿ. ಎಣ್ಣೆ ಜಾಸ್ತಿ ಹಚ್ಚಬೇಡ. ಎಣ್ಣೆಗೆ ಕರಿಮಣ್ಣಿನ ಧೂಳು ಮೆತ್ತಿದರೆ ಯಾವ ಕಂಪನಿಯದಾದರೂ ಒಂದೇ, ಒಳಗೆ ಉಜ್ಜುತ್ತದೆ. ತೆಳ್ಳಗೆ ಹಚ್ಚಿ ಬಟ್ಟೆಯಲ್ಲಿ ಒರೆಸಿ ಬಿಡು.

ಸರಾಫ್ (ಕಲಬುರಗಿ)

ಎಲೆಕ್ಷನ್ ಬಂದಾಗ ಠಾಣೆಗೆ ಜಮಾ ಮಾಡುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬ್ಯಾಂಕ್ ಗಾರ್ಡ್, ಕ್ರೀಡಾ ಶೂಟರ್‌ಗಳಿಗೆ ವಿನಾಯಿತಿ ಸಿಗುತ್ತದೆ. ನಮ್ಮಂಥವರು ಕೊಡಬೇಕಾಗುತ್ತದೆ. ಒಂದು ಸಲ ನನ್ನ ಪರಿಚಯದವರ ಹಳೆಯ ಬಂದೂಕು ಹಿಡಿ ಬಿರುಕು ಬಿಟ್ಟು ವಾಪಸ್ ಬಂತು. ದುಬಾರಿ ಹೆಸರು ಇಟ್ಟುಕೊಂಡವರ ಎದೆ ಎಲೆಕ್ಷನ್ ಮುಗಿಯುವವರೆಗೂ ಡವಡವ. ಕೊಡುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದು, ರಸೀದಿಯಲ್ಲಿ ನಂಬರ್ ಬರೆಸಿ.

ತೊಗರಿ ಹೊಲ (ಚಿತ್ತಾಪುರ)

ಹೊಸದನ್ನು ನೋಡುತ್ತೇನೆ ಕಾಕಾ. ಆದರೆ ದೊಡ್ಡಪ್ಪನ ಬಂದೂಕು ಏನಾಗಬೇಕು? ಅವರಿಗೆ ಗಂಡುಮಕ್ಕಳಿಲ್ಲ. ಎಪ್ಪತ್ತು ದಾಟಿದೆ.

ಮಾಜಿ ಹವಾಲ್ದಾರ (ಬೀದರ್)

ಗಂಡುಮಕ್ಕಳೇ ಯಾಕೆ ಬೇಕು? ಮಗಳಿದ್ದರೆ ಮಗಳ ಹೆಸರಿಗೂ ಆಗುತ್ತದೆ. 2016ರ ನಿಯಮದ ಪ್ರಕಾರ ಲೈಸೆನ್ಸುದಾರರಿಗೆ 70 ವರ್ಷ ಆದರೆ, ಇಲ್ಲ ಬಂದೂಕು ಇಟ್ಟುಕೊಂಡು 25 ವರ್ಷ ಆದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ನೀನು ವಾರಸುದಾರನ ಲೆಕ್ಕಕ್ಕೆ ಬರುತ್ತೀಯಾ ಅನ್ನುವುದನ್ನು ಡಿಸಿ ಆಫೀಸಿನಲ್ಲೇ ಕೇಳು. ಬಂದರೆ ನಿನ್ನ ಹೊಸದು ಒಂದು, ಇದು ಒಂದು. ಈಗ ಒಬ್ಬರಿಗೆ ಎರಡೇ, ಮೊದಲಿನ ಹಾಗೆ ಮೂರು ಇಲ್ಲ.

ಹಳೇ ನಳಿಕೆ (ಕಲಬುರಗಿ)

ಮಾರುವ ಮಾತು ಮಾತ್ರ ಈಗಲೇ ಎತ್ತಬೇಡಿ. ಚೇಂಬರ್ ಅಳೆಯುವ ಗೇಜ್ ಇರುವ ರಿಪೇರಿಯವರು ನನಗೆ ಪರಿಚಯ. ಒಂದು ದಿನ ಕಲಬುರಗಿಗೆ ತನ್ನಿ, ನೋಡಿಸೋಣ.

ತೊಗರಿ ಹೊಲ (ಚಿತ್ತಾಪುರ)

ಆಗಲಿ ಅಣ್ಣಾ, ಬರುವ ವಾರ ಬೈಕ್ ಮೇಲೆ ತರುತ್ತೇನೆ.

ಮಾಜಿ ಹವಾಲ್ದಾರ (ಬೀದರ್)

ಬೈಕೂ ಬೇಡ, ನೀನೊಬ್ಬನೇ ತರುವುದೂ ಬೇಡ. ಲೈಸೆನ್ಸ್ ಇರುವುದು ದೊಡ್ಡಪ್ಪನ ಹೆಸರಲ್ಲಿ. ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಬಾ. ಬಂದೂಕು ಖಾಲಿ ಇರಲಿ, ಬಿಚ್ಚಿ ಚೀಲದಲ್ಲಿ ಹಾಕಿರಲಿ, ಲೈಸೆನ್ಸ್ ಪುಸ್ತಕ ಅವರ ಜೇಬಿನಲ್ಲಿರಲಿ.